ಕಸಿ ಮಾಡಿದ ಶ್ವಾಸಕೋಶವನ್ನು ದೇಹ ವರ್ಷಗಳ ನಂತರವೂ ಏಕೆ ತಿರಸ್ಕರಿಸುತ್ತದೆ? ‘ಇಮ್ಯೂನಿಟಿ ಹೆಚ್ಚಿಸುವ’ ಸಂದೇಶ ಇಂಥವರಿಗೆ ಏಕೆ ಅಪಾಯ?

ಮಳೆಗಾಲ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪುಗಳಲ್ಲಿ ‘ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ’ ಎನ್ನುವ ಸಂದೇಶಗಳು ಬರತೊಡಗುತ್ತವೆ. ಅಮೃತಬಳ್ಳಿ ಕಷಾಯ, ಯಾವುದೋ ಪುಡಿ, ಯಾವುದೋ ಮಾತ್ರೆ. ಕೋವಿಡ್ ಬಂದ ಮೇಲಂತೂ ರೋಗನಿರೋಧಕ ಶಕ್ತಿ ಎಂದರೆ ಎಷ್ಟಿದ್ದರೂ ಸಾಲದು ಎನ್ನುವ ನಂಬಿಕೆ ಬೇರೂರಿದೆ. ಕುಡಿದರೆ ಒಳ್ಳೆಯದು, ಕುಡಿಯದಿದ್ದರೂ ನಷ್ಟವಿಲ್ಲ ಎಂದುಕೊಂಡು ನಾವು ಅದನ್ನು ಮುಂದಕ್ಕೆ ಕಳಿಸಿಬಿಡುತ್ತೇವೆ.

ಆದರೆ ಅದೇ ಗ್ರೂಪಿನಲ್ಲಿ ಅಂಗಾಂಗ ಕಸಿ ಮಾಡಿಸಿಕೊಂಡ ಒಬ್ಬರು ಇದ್ದರೆ? ಅವರು ಬದುಕಿರುವುದೇ ತಮ್ಮ ರೋಗನಿರೋಧಕ ವ್ಯವಸ್ಥೆಯನ್ನು ದಿನಕ್ಕೆ ಎರಡು ಹೊತ್ತು ಮಾತ್ರೆ ನುಂಗಿ ತಗ್ಗಿಸಿಕೊಂಡು. ಅದರಲ್ಲೂ ಶ್ವಾಸಕೋಶದ ಕಸಿ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಐದು ವರ್ಷದೊಳಗೆ ‘ದೀರ್ಘಕಾಲಿಕ ತಿರಸ್ಕಾರ’ ಕಾಣಿಸಿಕೊಳ್ಳುತ್ತದೆ. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ, ರೋಗಿ ಮನೆಗೆ ಬಂದು ಓಡಾಡುತ್ತಿರುತ್ತಾರೆ. ಆಮೇಲೆ ಸದ್ದಿಲ್ಲದೆ ಉಸಿರು ಕುಗ್ಗುತ್ತಾ ಹೋಗುತ್ತದೆ. ಇದು ದೇಹದ ದೌರ್ಬಲ್ಯದಿಂದ ಆಗುವುದಲ್ಲ. ರೋಗನಿರೋಧಕ ವ್ಯವಸ್ಥೆ ತನ್ನ ಕೆಲಸವನ್ನು ಮರೆಯದೆ ಮಾಡುವುದರಿಂದಲೇ ಆಗುವುದು. ಅದು ಹೇಗೆ ಎಂದು ನೋಡೋಣ.

ಮಾವಿನ ಕಸಿ ಬೇರೆ, ಮನುಷ್ಯನ ಕಸಿ ಬೇರೆ

‘ಕಸಿ’ ಎನ್ನುವ ಪದ ನಮಗೆ ತೋಟದಿಂದ ಬಂದದ್ದು. ನಾಟಿ ಮಾವಿನ ಸಸಿಗೆ ಬಾದಾಮಿಯ ಕಡ್ಡಿ ಕಟ್ಟುತ್ತಾರೆ. ಕೆಲವು ವಾರಗಳಲ್ಲಿ ಅದು ಹಿಡಿದರೆ ಮುಗಿಯಿತು, ಮರ ಬಾಳುವಷ್ಟು ಕಾಲ ಆ ಕಸಿ ನಿಲ್ಲುತ್ತದೆ. ಹಾಗಾಗಿ ಮನುಷ್ಯರ ವಿಷಯದಲ್ಲೂ ‘ಕಸಿ ಹಿಡಿಯಿತು, ಇನ್ನು ಚಿಂತೆಯಿಲ್ಲ’ ಎಂದು ಅನ್ನಿಸುವುದು ಸಹಜ.

ಗಿಡಗಳಿಗೂ ರೋಗದ ವಿರುದ್ಧ ಹೋರಾಡುವ ಶಕ್ತಿ ಇದೆ. ಆದರೆ ದೇಹವೆಲ್ಲ ಸುತ್ತಾಡಿ, ಹೊರಗಿನದನ್ನು ಗುರುತಿಟ್ಟುಕೊಂಡು, ಮತ್ತೆ ಬಂದಾಗ ಇನ್ನೂ ಜೋರಾಗಿ ಎರಗುವ ಕೋಶಗಳು ಗಿಡಗಳಲ್ಲಿ ಇಲ್ಲ. ನಮ್ಮ ರಕ್ತದಲ್ಲಿ ಇವೆ. ಬಿಳಿ ರಕ್ತಕಣಗಳಲ್ಲಿ ಟಿ ಕೋಶ, ಬಿ ಕೋಶ ಎಂಬ ಎರಡು ಬಗೆಗಳು ಈ ಕೆಲಸ ಮಾಡುತ್ತವೆ. ಟಿ ಕೋಶಗಳು ಪರಕೀಯ ಕೋಶಗಳ ಮೇಲೆ ನೇರವಾಗಿ ದಾಳಿ ಮಾಡುತ್ತವೆ, ಉಳಿದವರಿಗೂ ಸೂಚನೆ ಕೊಡುತ್ತವೆ. ಬಿ ಕೋಶಗಳು ಪ್ರತಿಕಾಯ ಎಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ಪ್ರತಿಕಾಯಗಳು ರಕ್ತದಲ್ಲಿ ಹರಿದು ಹೋಗಿ ಪರಕೀಯ ವಸ್ತುವಿಗೆ ಅಂಟಿಕೊಳ್ಳುತ್ತವೆ. ಕಸಿಯಾದ ಅಂಗದಲ್ಲಿ ರಕ್ತ ಹರಿಯುವವರೆಗೂ ಈ ಕಾವಲು ಅದನ್ನು ಪರೀಕ್ಷಿಸುತ್ತಲೇ ಇರುತ್ತದೆ.

‘ಇದು ನಮ್ಮದಲ್ಲ’ ಎಂದು ದೇಹಕ್ಕೆ ಹೇಗೆ ಗೊತ್ತಾಗುತ್ತದೆ?

ನಮ್ಮ ಬಹುತೇಕ ಎಲ್ಲ ಕೋಶಗಳ ಮೇಲ್ಮೈಯಲ್ಲಿ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿರುತ್ತವೆ. ಆಧಾರ್ ಸಂಖ್ಯೆಯ ಹಾಗೆ ಒಬ್ಬೊಬ್ಬರದು ಒಂದೊಂದು ಎನ್ನುವಷ್ಟು ಇದರಲ್ಲಿ ವೈವಿಧ್ಯ ಇದೆ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವುದರಿಂದ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದಾಣಿಕೆ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಮಾತ್ರ ಎರಡೂ ಒಂದೇ. 1954ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರು ಮಾಡಿದ ಮೂತ್ರಪಿಂಡ ಕಸಿ ಯಶಸ್ವಿಯಾಗಿದ್ದು ಇದೇ ಕಾರಣಕ್ಕೆ. ದಾನಿ, ರೋಗಿ ಇಬ್ಬರೂ ಅಂಥ ಅವಳಿ ಸೋದರರಾಗಿದ್ದರು. ತಿರಸ್ಕರಿಸಲು ದೇಹಕ್ಕೆ ಅಲ್ಲಿ ಏನೂ ಸಿಗಲಿಲ್ಲ.

ತಿರಸ್ಕಾರದ ಹಿಂದೆ ರೋಗನಿರೋಧಕ ವ್ಯವಸ್ಥೆಯ ನೆನಪಿನ ಶಕ್ತಿ ಇದೆ ಎಂದು ಸ್ಪಷ್ಟವಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸುಟ್ಟಗಾಯಗಳಾಗಿದ್ದ ಮಹಿಳೆಯೊಬ್ಬರಿಗೆ ಆಕೆಯ ಸೋದರನ ಚರ್ಮವನ್ನು ಕಸಿ ಮಾಡಲಾಯಿತು. ಅದು ಕೆಲವು ದಿನ ಇದ್ದು ನಾಶವಾಯಿತು. ಅದೇ ಸೋದರನ ಚರ್ಮವನ್ನು ಎರಡನೇ ಬಾರಿ ಹಾಕಿದಾಗ ಇನ್ನೂ ಬೇಗ ನಾಶವಾಯಿತು. ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡವಾರ್ ಇದನ್ನು 1943ರಲ್ಲಿ ಪ್ರಕಟಿಸಿದರು. ದೇಹ ಮೊದಲ ಬಾರಿ ಕಂಡದ್ದನ್ನು ನೆನಪಿಟ್ಟುಕೊಂಡಿತ್ತು. ಲಸಿಕೆ ಹಾಕಿಸಿಕೊಂಡ ಮೇಲೆ ರೋಗ ಬಾರದಿರುವುದೂ ಇದೇ ನೆನಪಿನಿಂದಲೇ. ಒಂದು ಕಡೆ ನಮ್ಮನ್ನು ಕಾಯುವ ಗುಣವೇ ಕಸಿಯಾದವರಿಗೆ ತೊಂದರೆ ಕೊಡುತ್ತದೆ. ಈ ಕ್ಷೇತ್ರದ ಕೆಲಸಕ್ಕಾಗಿ ಮೆಡವಾರ್ 1960ರಲ್ಲಿ ನೊಬೆಲ್ ಪಡೆದರು.

ಮಣ್ಣಿನಲ್ಲಿ ಸಿಕ್ಕ ಮದ್ದು

ಮನುಷ್ಯರಲ್ಲಿ ಮೊದಲ ಶ್ವಾಸಕೋಶ ಕಸಿಯನ್ನು 1963ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಜೇಮ್ಸ್ ಹಾರ್ಡಿ ಮಾಡಿದರು. ರೋಗಿ 18 ದಿನ ಬದುಕಿದರು. ಮುಂದಿನ ಇಪ್ಪತ್ತು ವರ್ಷ ಜಗತ್ತಿನ ಹಲವೆಡೆ ನಡೆದ ಪ್ರಯತ್ನಗಳು ಬಹುಪಾಲು ಸೋತವು. ಹೊಲಿಗೆ ಹಾಕುವ ಕೈಚಳಕ ಇತ್ತು, ದೇಹವನ್ನು ಒಪ್ಪಿಸುವ ಔಷಧ ಇರಲಿಲ್ಲ.

ಆ ಔಷಧ ಸಿಕ್ಕಿದ್ದು ಮಣ್ಣಿನಲ್ಲಿ. ನಾರ್ವೆಯಿಂದ ತಂದ ಮಣ್ಣಿನ ಮಾದರಿಯಲ್ಲಿದ್ದ ಒಂದು ಶಿಲೀಂಧ್ರದಿಂದ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಸೈಕ್ಲೋಸ್ಪೋರಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಟಿ ಕೋಶಗಳ ಅಬ್ಬರವನ್ನು ತಗ್ಗಿಸುತ್ತದೆ ಎಂದು 1970ರ ದಶಕದಲ್ಲಿ ಗೊತ್ತಾಯಿತು. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜೋಯಲ್ ಕೂಪರ್ ತಂಡ ಮಾಡಿದ ಕಸಿಯಲ್ಲಿ ರೋಗಿ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಸಿಕ್ಕಿತು. ಇಂದು ಶ್ವಾಸಕೋಶ ಕಸಿಯಾದ ಹೆಚ್ಚಿನವರು ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೋಲೋನ್ ಎಂಬ ಮೂರು ಔಷಧಗಳನ್ನು ಜೀವನಪೂರ್ತಿ ತೆಗೆದುಕೊಳ್ಳುತ್ತಾರೆ.

ಈಗ ಚೆನ್ನೈ, ಹೈದರಾಬಾದ್ ಹಾಗೂ ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿ ಈ ಕಸಿ ನಡೆಯುತ್ತದೆ. ಕರ್ನಾಟಕದಲ್ಲಿ ಮೆದುಳು ನಿಷ್ಕ್ರಿಯಗೊಂಡವರ ಅಂಗಾಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಕೋವಿಡ್‌ನಿಂದ ಶ್ವಾಸಕೋಶ ಪೂರ್ತಿ ಹಾಳಾದ ಕೆಲವರಿಗೂ ಕಸಿಯೇ ಕೊನೆಯ ದಾರಿಯಾಯಿತು.

ತಿರಸ್ಕಾರ ಒಂದೇ ಬಗೆಯದಲ್ಲ

ಮೊದಲನೆಯದು ಅಂಗ ಜೋಡಿಸಿದ ನಿಮಿಷ, ಗಂಟೆಗಳಲ್ಲೇ ಆಗುವಂಥದ್ದು. ರೋಗಿಯ ರಕ್ತದಲ್ಲಿ ದಾನಿಯ ಎಚ್‌ಎಲ್‌ಎ ವಿರುದ್ಧ ಮೊದಲೇ ಪ್ರತಿಕಾಯಗಳಿದ್ದರೆ ಹೀಗಾಗುತ್ತದೆ. ಹಿಂದೆ ರಕ್ತ ಪಡೆದವರಲ್ಲಿ, ಗರ್ಭ ಧರಿಸಿದವರಲ್ಲಿ ಇಂಥ ಪ್ರತಿಕಾಯಗಳು ಇರಬಹುದು. ಆಪರೇಷನ್‌ಗೆ ಮುಂಚೆಯೇ ಪರೀಕ್ಷೆ ಮಾಡುವುದರಿಂದ ಇದು ಈಗ ಅಪರೂಪ.

ಎರಡನೆಯದು ತೀವ್ರ ತಿರಸ್ಕಾರ. ಹೆಚ್ಚಾಗಿ ಮೊದಲ ವರ್ಷದಲ್ಲಿ ಬರುತ್ತದೆ. ಟಿ ಕೋಶಗಳು ಹೊಸ ಶ್ವಾಸಕೋಶದ ಸಣ್ಣ ರಕ್ತನಾಳಗಳ ಸುತ್ತ ಗುಂಪುಗೂಡುತ್ತವೆ. ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ಇದನ್ನು ಬಹುಮಟ್ಟಿಗೆ ಹತೋಟಿಗೆ ತರಬಹುದು. ಆದರೆ ಪದೇಪದೇ ಬಂದರೆ ಮುಂದೆ ದೀರ್ಘಕಾಲಿಕ ತಿರಸ್ಕಾರದ ಸಾಧ್ಯತೆ ಹೆಚ್ಚುತ್ತದೆ.

ಮೂರನೆಯದೇ ದೀರ್ಘಕಾಲಿಕ ತಿರಸ್ಕಾರ. ವೈದ್ಯರು ಇದನ್ನು ಕ್ಲ್ಯಾಡ್ ಎಂದು ಕರೆಯುತ್ತಾರೆ. ತಿಂಗಳುಗಳಿಂದ ವರ್ಷಗಳ ಅವಧಿಯಲ್ಲಿ ಬರುತ್ತದೆ. ಮೊದಲ ವರ್ಷ ದಾಟಿದವರ ಸಾವಿಗೆ ಇದು ಪ್ರಮುಖ ಕಾರಣಗಳಲ್ಲಿ ಒಂದು.

ಒಳಗೆ ಏನು ನಡೆಯುತ್ತದೆ?

ದಾನಿಯ ಶ್ವಾಸಕೋಶದ ಜೊತೆ ದಾನಿಯ ಬಿಳಿ ರಕ್ತಕಣಗಳೂ ಬಂದಿರುತ್ತವೆ. ಮೊದಲ ತಿಂಗಳುಗಳಲ್ಲಿ ರೋಗಿಯ ಟಿ ಕೋಶಗಳು ಇವನ್ನು ನೇರವಾಗಿ ಕಂಡು ಕೆರಳುತ್ತವೆ. ದಿನ ಕಳೆದಂತೆ ಈ ಕಣಗಳು ಕಡಿಮೆಯಾಗುತ್ತವೆ. ಆಗ ರೋಗಿಯ ಸ್ವಂತ ಕಾವಲು ಕೋಶಗಳು ಹೊಸ ಶ್ವಾಸಕೋಶದಿಂದ ಉದುರಿದ ಚೂರುಗಳನ್ನು ಹೆಕ್ಕಿ ಟಿ ಕೋಶಗಳಿಗೆ ತೋರಿಸತೊಡಗುತ್ತವೆ. ಈ ಎರಡನೇ ದಾರಿ ಎಂದೂ ಮುಚ್ಚುವುದಿಲ್ಲ. ಅಂಗ ಇರುವವರೆಗೂ ಚೂರುಗಳು ಉದುರುತ್ತಲೇ ಇರುತ್ತವೆ.

ಕೆರಳಿದ ಟಿ ಕೋಶಗಳ ನೆರವಿನಿಂದ ಬಿ ಕೋಶಗಳು ದಾನಿಯ ಎಚ್‌ಎಲ್‌ಎ ವಿರುದ್ಧ ಹೊಸ ಪ್ರತಿಕಾಯಗಳನ್ನು ಮಾಡುತ್ತವೆ. ಕಸಿಯ ಸಮಯದಲ್ಲಿ ಇಲ್ಲದಿದ್ದ ಇಂಥ ಪ್ರತಿಕಾಯಗಳು ಆಮೇಲೆ ರಕ್ತದಲ್ಲಿ ಕಂಡರೆ ವೈದ್ಯರು ಎಚ್ಚರವಾಗುತ್ತಾರೆ. ಇನ್ನೊಂದು ವಿಚಿತ್ರವೂ ಇದೆ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದಾಗ ಒಳಗೆ ಮರೆಯಲ್ಲಿದ್ದ ಕೆಲವು ಪ್ರೋಟೀನುಗಳು ಹೊರಗೆ ಕಾಣುತ್ತವೆ. ಐದನೇ ಬಗೆಯ ಕೊಲಾಜನ್ ಅಂಥದ್ದೊಂದು. ಇದು ಎಲ್ಲರ ಶ್ವಾಸಕೋಶದಲ್ಲೂ ಇರುವ ಪ್ರೋಟೀನು. ಆದರೂ ದೇಹ ಇದರ ಮೇಲೂ ದಾಳಿ ಶುರುಮಾಡಬಹುದು.

ದಾಳಿ ನಡೆದಲ್ಲೆಲ್ಲ ದೇಹ ರಿಪೇರಿಯನ್ನೂ ಮಾಡುತ್ತದೆ. ಮೊಣಕಾಲು ಕೆತ್ತಿಕೊಂಡರೆ ಗಾಯ ಮಾಗಿ ಗಡಸು ಕಲೆ ಉಳಿಯುತ್ತದಲ್ಲ, ಹಾಗೆ. ಚರ್ಮದ ಮೇಲೆ ಕಲೆ ಉಳಿದರೆ ತೊಂದರೆಯಿಲ್ಲ. ಆದರೆ ಶ್ವಾಸಕೋಶದ ತುದಿಯಲ್ಲಿರುವ ಗಾಳಿಯ ಕೊಳವೆಗಳು ಒಂದೆರಡು ಮಿಲಿಮೀಟರಿಗಿಂತ ಸಣ್ಣವು. ಅವುಗಳ ಒಳಗೋಡೆಯಲ್ಲಿ ಕಲೆ ಕಟ್ಟಿದರೆ ದಾರಿ ಕಿರಿದಾಗುತ್ತದೆ, ಕೊನೆಗೆ ಮುಚ್ಚಿಹೋಗುತ್ತದೆ. ಹೃದಯ ಮತ್ತು ಶ್ವಾಸಕೋಶ ಎರಡನ್ನೂ ಕಸಿ ಮಾಡಿಸಿಕೊಂಡವರಲ್ಲಿ ಇದನ್ನು ಸ್ಟ್ಯಾನ್‌ಫರ್ಡ್‌ನ ವೈದ್ಯರು 1984ರಲ್ಲೇ ವಿವರಿಸಿದ್ದರು. ಈ ಬಗೆಗೆ ಬಿಒಎಸ್ ಎನ್ನುತ್ತಾರೆ, ಹೆಚ್ಚಿನವರಿಗೆ ಬರುವುದು ಇದೇ. ಕೆಲವರಲ್ಲಿ ಕಲೆ ಕೊಳವೆಗಳಲ್ಲಷ್ಟೇ ಉಳಿಯದೆ ಗಾಳಿಚೀಲಗಳ ಭಾಗಕ್ಕೂ ಹಬ್ಬಿ ಶ್ವಾಸಕೋಶ ಹಿಗ್ಗುವುದೇ ಕಷ್ಟವಾಗುತ್ತದೆ. ಆರ್‌ಎಎಸ್ ಎಂಬ ಈ ಬಗೆ ಇನ್ನೂ ಕಠಿಣ.

ಉರಿಯೂತವನ್ನು ಔಷಧದಿಂದ ಇಳಿಸಬಹುದು, ಕಟ್ಟಿದ ಕಲೆಯನ್ನು ಕರಗಿಸುವ ಔಷಧ ಇಲ್ಲ. ದೀರ್ಘಕಾಲಿಕ ತಿರಸ್ಕಾರದಲ್ಲಿ ಹೋದ ಉಸಿರು ಸಾಮಾನ್ಯವಾಗಿ ವಾಪಸು ಬಾರದಿರುವುದು ಇದೇ ಕಾರಣಕ್ಕೆ.

ಶ್ವಾಸಕೋಶಕ್ಕೇ ಏಕೆ ಇಷ್ಟು ಕಷ್ಟ?

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಎರಡು ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಕಾರ್ನಿಯಾ ಕಸಿಗೆ ಸಾಮಾನ್ಯವಾಗಿ ಎಚ್‌ಎಲ್‌ಎ ಹೊಂದಾಣಿಕೆ ಬೇಕಿಲ್ಲ, ಜೀವನಪೂರ್ತಿ ಮಾತ್ರೆ ನುಂಗುವುದೂ ಬೇಕಾಗುವುದಿಲ್ಲ. ಆರೋಗ್ಯವಂತ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ, ಹಾಗಾಗಿ ಕಾವಲು ಕೋಶಗಳು ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ.

ಶ್ವಾಸಕೋಶ ಇದಕ್ಕೆ ತದ್ವಿರುದ್ಧ. ಹೃದಯದ ಬಲಭಾಗ ಪಂಪ್ ಮಾಡುವ ರಕ್ತವೆಲ್ಲ ಅದರ ಮೂಲಕವೇ ಹಾದುಹೋಗುತ್ತದೆ. ಮೂತ್ರಪಿಂಡ, ಯಕೃತ್ತು, ಹೃದಯ ಇವೆಲ್ಲ ದೇಹದ ಒಳಗೆ ಮುಚ್ಚಿಟ್ಟಂತೆ ಇರುತ್ತವೆ. ಶ್ವಾಸಕೋಶ ಮಾತ್ರ ಹೊರಗಿನ ಗಾಳಿಗೆ ತೆರೆದುಕೊಂಡಿರುತ್ತದೆ. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಒಳಗೆ ಹೋಗಿಬರುತ್ತದೆ. ಧೂಳು, ಹೊಗೆ, ವೈರಸ್, ಶಿಲೀಂಧ್ರದ ಬೀಜಕಣ ಎಲ್ಲವೂ ಅದರ ಜೊತೆ ಬರುತ್ತವೆ. ಇವನ್ನು ಎದುರಿಸಲು ಶ್ವಾಸಕೋಶದಲ್ಲಿ ಸ್ವಂತದ್ದೇ ದೊಡ್ಡ ಕಾವಲು ಪಡೆ ಇದೆ. ಪ್ರತಿ ಸೋಂಕಿನಲ್ಲೂ ಆ ಪಡೆ ಎದ್ದು ನಿಲ್ಲುತ್ತದೆ. ಆ ಗದ್ದಲದಲ್ಲಿ ‘ಈ ಅಂಗವೂ ಹೊರಗಿನದು’ ಎನ್ನುವ ನೆನಪು ಮತ್ತೆ ಕೆದಕಿದಂತಾಗುತ್ತದೆ.

ಆಪರೇಷನ್ ವೇಳೆ ಶ್ವಾಸಕೋಶದ ನರಗಳು ಕತ್ತರಿಸಿಹೋಗುವುದರಿಂದ ಕೆಮ್ಮಿ ಕಫ ಹೊರಹಾಕುವ ಸೂಚನೆಯೂ ಮಂದವಾಗಿರುತ್ತದೆ. ಹೊಟ್ಟೆಯ ಹುಳಿ ಮೇಲೆ ಬಂದು ಗೊತ್ತಾಗದಂತೆ ಶ್ವಾಸನಾಳಕ್ಕೆ ಇಳಿದರೂ ಹಾನಿ. ಬೆಲ್ಜಿಯಂನ ಲ್ಯೂವೆನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ರಸ್ತೆಗಳ ಹತ್ತಿರ ವಾಸಿಸುವ ಕಸಿ ರೋಗಿಗಳಲ್ಲಿ ಬಿಒಎಸ್ ಮತ್ತು ಸಾವು ಹೆಚ್ಚಾಗಿ ಕಂಡುಬಂದವು.

ಅಂತರರಾಷ್ಟ್ರೀಯ ದಾಖಲೆಗಳ ಪ್ರಕಾರ ಶ್ವಾಸಕೋಶ ಕಸಿಯಾದವರ ಮಧ್ಯಕ ಆಯಸ್ಸು ಆರೂವರೆ ವರ್ಷದ ಆಸುಪಾಸು. ಇದನ್ನು ‘ಆರೂವರೆ ವರ್ಷ ಮಾತ್ರ ಬದುಕುತ್ತಾರೆ’ ಎಂದು ಓದಬಾರದು. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದ್ದಾರೆ ಎಂದು ಅರ್ಥ. ಕಸಿ ಆಗದಿದ್ದರೆ ಇವರಲ್ಲಿ ಹೆಚ್ಚಿನವರಿಗೆ ಉಳಿದಿದ್ದ ಕಾಲ ಒಂದೆರಡು ವರ್ಷ ಎನ್ನುವುದನ್ನೂ ಜೊತೆಗೇ ನೆನಪಿಡಬೇಕು.

ಊದಿ ಅಳೆಯುವುದೇ ಮೊದಲ ಎಚ್ಚರಿಕೆ

ದೀರ್ಘಕಾಲಿಕ ತಿರಸ್ಕಾರ ಶುರುವಿನಲ್ಲಿ ನೋವು ಕೊಡುವುದಿಲ್ಲ. ಜ್ವರವೂ ಇಲ್ಲದಿರಬಹುದು. ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು, ಒಣ ಕೆಮ್ಮು, ಅಷ್ಟೆ. ‘ವಯಸ್ಸಾಯಿತು’ ಎಂದೋ ‘ಶೀತ ಇರಬೇಕು’ ಎಂದೋ ತಳ್ಳಿಹಾಕುವುದು ಸುಲಭ.

ಅದಕ್ಕೇ ಸ್ಪೈರೋಮೀಟರ್ ಎಂಬ ಸಣ್ಣ ಯಂತ್ರಕ್ಕೆ ಊದಿ ಅಳೆಯಬೇಕು. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎನ್ನುವುದು ಮುಖ್ಯ ಸಂಖ್ಯೆ. ಕಸಿಯ ನಂತರ ಬಂದ ಎರಡು ಅತ್ಯುತ್ತಮ ಅಳತೆಗಳ ಸರಾಸರಿ ಆ ವ್ಯಕ್ತಿಯ ಮೂಲ ಅಳತೆ. ಅದು 2.5 ಲೀಟರ್ ಇದ್ದದ್ದು 2 ಲೀಟರಿಗೆ ಇಳಿದರೆ ಶೇ 20ರಷ್ಟು ಇಳಿದಂತೆ. ಸೋಂಕು ಮುಂತಾದ ಬೇರೆ ಕಾರಣಗಳಿಲ್ಲದೆ ಈ ಇಳಿಕೆ ಮೂರು ತಿಂಗಳು ಹಾಗೆಯೇ ಉಳಿದರೆ ಅದು ದೀರ್ಘಕಾಲಿಕ ತಿರಸ್ಕಾರ ಎನ್ನುವುದು 2019ರ ಅಂತರರಾಷ್ಟ್ರೀಯ ವ್ಯಾಖ್ಯಾನ. ಮನೆಯಲ್ಲೇ ಊದಿ ಅಳೆಯುವವರಿಗೆ ಶೇ 10ರಷ್ಟು ಇಳಿದರೂ ಆಸ್ಪತ್ರೆಗೆ ಫೋನ್ ಮಾಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಏದುಸಿರು ಗೊತ್ತಾಗುವ ಮುಂಚೆಯೇ ಸಂಖ್ಯೆ ಇಳಿದಿರುತ್ತದೆ.

ಊರಿಗೆ ಮರಳಿದ ಮೇಲೆ

ಕಸಿ ನಡೆಯುವುದು ದೊಡ್ಡ ನಗರದಲ್ಲಿ, ಬದುಕು ನಡೆಯುವುದು ಊರಿನಲ್ಲಿ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯ ಯಾವುದೋ ಹಳ್ಳಿಗೆ ಇಂಥ ರೋಗಿ ಮರಳಿದರು ಎಂದಿಟ್ಟುಕೊಳ್ಳಿ. ಅವರ ಸುತ್ತ ಏನಿರುತ್ತದೆ?

ರಾಗಿ ಒಕ್ಕಣೆಯ ಧೂಳು, ಹಳೆಯ ಹುಲ್ಲಿನ ಮೆದೆ, ತಿಪ್ಪೆಗುಂಡಿ, ಬೂಷ್ಟು ಹಿಡಿದ ಕಾಳು. ಇವುಗಳಲ್ಲೆಲ್ಲ ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರದ ಬೀಜಕಣ ಇರುತ್ತದೆ. ಆರೋಗ್ಯವಂತರ ಮೂಗು, ಶ್ವಾಸಕೋಶ ಅದನ್ನು ನಿಭಾಯಿಸುತ್ತವೆ. ಮಾತ್ರೆಯಿಂದ ರೋಗನಿರೋಧಕ ಶಕ್ತಿ ತಗ್ಗಿಸಿಕೊಂಡವರಲ್ಲಿ ಅದು ಬೇರೂರಬಹುದು. ಒಕ್ಕಣೆ ಹೊತ್ತಿನಲ್ಲಿ ಇವರು ಕಣದಿಂದ ದೂರ ಇರಬೇಕು, ತಿಪ್ಪೆ ಕೆದಕುವ ಕೆಲಸ ಬಿಡಬೇಕು, ಸೌದೆ ಒಲೆಯ ಹೊಗೆಯಲ್ಲಿ ಕೂರಬಾರದು. ‘ಆಪರೇಷನ್ ಆದ ಮೇಲೆ ಸೋಮಾರಿ ಆಗಿದ್ದಾರೆ’ ಎಂದು ಆಡಿಕೊಳ್ಳುವ ಮುಂಚೆ ಇದು ಗೊತ್ತಿರಲಿ.

ಇನ್ನು ಹಣ್ಣು. ಇದೇ ಜಿಲ್ಲೆಯ ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಗುರುತು ಪಡೆದ ಹೆಸರಾಂತ ಹಣ್ಣು. ಬೇರೆಯವರಿಗೆ ಒಳ್ಳೆಯದೇ. ಆದರೆ ಟ್ಯಾಕ್ರೋಲಿಮಸ್ ಮಾತ್ರೆಯನ್ನು ಕರುಳು ಮತ್ತು ಯಕೃತ್ತಿನಲ್ಲಿ ಒಡೆಯುವ ಕಿಣ್ವವನ್ನು ಗ್ರೇಪ್‌ಫ್ರೂಟ್, ಚಕ್ಕೋತ ಜಾತಿಯ ಹಣ್ಣುಗಳಲ್ಲಿರುವ ಕೆಲವು ರಾಸಾಯನಿಕಗಳು ತಡೆಯುತ್ತವೆ. ಮಾತ್ರೆ ಒಡೆಯದೆ ರಕ್ತದಲ್ಲಿ ಏರುತ್ತದೆ, ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಚಕ್ಕೋತ ತಿಂದ ಮೂತ್ರಪಿಂಡ ಕಸಿ ರೋಗಿಯೊಬ್ಬರಲ್ಲಿ ಹೀಗಾದದ್ದು ಜಪಾನಿನಿಂದ 2003ರಲ್ಲಿ ವರದಿಯಾಗಿದೆ.

ಮೆಡಿಕಲ್ ಶಾಪಿನಿಂದ ಕೇಳಿ ತರುವ ಮಾತ್ರೆಗಳಲ್ಲೂ ಅಪಾಯ ಇದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಟ್ಯಾಕ್ರೋಲಿಮಸ್ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಹೊರೆ. ಕ್ಲಾರಿತ್ರೋಮೈಸಿನ್, ಫ್ಲುಕೊನಜೋಲ್‌ನಂಥವು ಅದರ ಮಟ್ಟವನ್ನು ಏರಿಸುತ್ತವೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಉಲ್ಟಾ ಕೆಲಸ ಮಾಡುತ್ತದೆ: ಟ್ಯಾಕ್ರೋಲಿಮಸ್ ಬೇಗ ಒಡೆದು ಮಟ್ಟ ಕುಸಿಯುತ್ತದೆ, ತಿರಸ್ಕಾರಕ್ಕೆ ದಾರಿಯಾಗುತ್ತದೆ. ಕ್ಷಯ ಬಂದರೆ ಚಿಕಿತ್ಸೆ ಬೇಕೇ ಬೇಕು, ಆದರೆ ಕಸಿ ಮಾಡಿದ ವೈದ್ಯರಿಗೆ ತಿಳಿಸಿ, ರಕ್ತದ ಮಟ್ಟ ನೋಡಿಕೊಂಡೇ ಕೊಡಬೇಕು. ನೆಗಡಿಗೆ ಹೋದರೂ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ‘ನನಗೆ ಕಸಿ ಆಗಿದೆ’ ಎಂದು.

ಫಾರ್ವರ್ಡ್‌ಗಳಲ್ಲೂ ಬಾಯಿಮಾತಿನಲ್ಲೂ ಬರುವ ನಂಬಿಕೆಗಳು

*‘ಇಮ್ಯೂನಿಟಿ ಹೆಚ್ಚಿದರೆ ಹೊಸ ಅಂಗ ಬೇಗ ಹೊಂದಿಕೊಳ್ಳುತ್ತದೆ.’* ಸುಳ್ಳು. ದಾಳಿ ಮಾಡುವುದೇ ಆ ಇಮ್ಯೂನಿಟಿ. ಅಮೃತಬಳ್ಳಿಯನ್ನೇ ತೆಗೆದುಕೊಳ್ಳಿ. ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗಿದಂತೆ ಅದು ಕಂಡಿತ್ತು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಇವು ಕಸಿ ರೋಗಿಗಳ ಮೇಲೆ ನಡೆದ ಅಧ್ಯಯನಗಳಲ್ಲ. ಆದರೂ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಬಹುದಾದ ಯಾವುದನ್ನೂ ಕಸಿಯಾದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

*‘ಎರಡು ವರ್ಷ ಕಳೆದ ಮೇಲೆ ಮಾತ್ರೆ ಬಿಡಬಹುದು.’* ಸುಳ್ಳು. ಕೋಶಗಳ ನೆನಪಿಗೆ ಅವಧಿ ಇಲ್ಲ. ಟ್ಯಾಕ್ರೋಲಿಮಸ್ ಅನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡುವುದು ರಕ್ತದಲ್ಲಿ ಮಟ್ಟ ಏರಿಳಿಯದಂತೆ. ಆರಾಮವಾಗಿದ್ದೇವೆ ಎಂದು ಮಾತ್ರೆ ಬಿಟ್ಟವರು, ಮಾತ್ರೆಯಿಂದಲೇ ಆರಾಮವಾಗಿದ್ದರು.

*‘ಸಂಬಂಧಿಕರ ಅಂಗವಾದರೆ ತಿರಸ್ಕಾರ ಇಲ್ಲ.’* ಸುಳ್ಳು. ಹೊಂದಾಣಿಕೆ ಹೆಚ್ಚಿರಬಹುದು, ಅಷ್ಟೆ. ಗ್ಲಾಸ್ಗೋದಲ್ಲಿ ನಾಶವಾದದ್ದು ಒಡಹುಟ್ಟಿದವನ ಚರ್ಮವೇ.

*‘ಲಸಿಕೆ ಹಾಕಿಸಿದರೆ ತಿರಸ್ಕಾರ ಆಗುತ್ತದೆ, ಬೇಡ.’* ಇದು ಅರ್ಧಂಬರ್ಧ ತಿಳಿದು ಹೇಳುವ ಮಾತು. ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿಯಾದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಫ್ಲೂ, ನ್ಯುಮೋನಿಯಾದಂಥ ನಿರ್ಜೀವ ಲಸಿಕೆಗಳು ಇವರಿಗೆ ಬೇಕು. ಸೋಂಕೇ ತಿರಸ್ಕಾರವನ್ನು ಕೆದಕುವುದರಿಂದ ಸೋಂಕು ತಡೆಯುವುದು ಮುಖ್ಯ. ಯಾವುದು, ಯಾವಾಗ ಎಂದು ಕಸಿ ತಂಡ ಹೇಳುತ್ತದೆ.

*‘ರೋಗಿ ಪಥ್ಯ ಮಾಡಲಿಲ್ಲ, ಅದಕ್ಕೇ ಹೀಗಾಯಿತು.’* ಇದು ಮನೆಯವರನ್ನು ಹೆಚ್ಚು ನೋಯಿಸುವ ಮಾತು. ಮಾತ್ರೆ ತಪ್ಪಿಸಿದರೆ ಅಪಾಯ ಹೆಚ್ಚುತ್ತದೆ ಎನ್ನುವುದು ನಿಜ. ಆದರೆ ಎಲ್ಲವನ್ನೂ ಸರಿಯಾಗಿ ಪಾಲಿಸಿದವರಲ್ಲೂ ದೀರ್ಘಕಾಲಿಕ ತಿರಸ್ಕಾರ ಬರುತ್ತದೆ. ಈಗಿನ ಔಷಧಗಳು ಮುಖ್ಯವಾಗಿ ಟಿ ಕೋಶಗಳನ್ನು ತಡೆಯುತ್ತವೆ. ಪ್ರತಿಕಾಯಗಳ ದಾರಿಯನ್ನೂ ಕಲೆ ಕಟ್ಟುವ ದಾರಿಯನ್ನೂ ಅವು ಪೂರ್ತಿ ಮುಚ್ಚಲಾರವು.

ಬಂದರೆ ಚಿಕಿತ್ಸೆ ಏನು? ಮುಂದೆ ಏನು?

ಮೊದಲು ಸೋಂಕು, ಹುಳಿ ಮೇಲೆ ಬರುವುದು ಮುಂತಾದ ಕಾರಣಗಳನ್ನು ಹುಡುಕಿ ಸರಿಪಡಿಸುತ್ತಾರೆ. ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಅನ್ನು ಸಣ್ಣ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಟ್ಟಾಗ ಕೆಲವರಲ್ಲಿ ಉಸಿರು ಸುಧಾರಿಸುತ್ತದೆ. ಇಲ್ಲಿ ಅದು ಮುಖ್ಯವಾಗಿ ಉರಿಯೂತ ತಗ್ಗಿಸಲು ಕೆಲಸ ಮಾಡುತ್ತದೆ. ಇದನ್ನು ಓದಿ ಯಾರೂ ತಾವಾಗಿಯೇ ತೆಗೆದುಕೊಳ್ಳಬಾರದು. ಫೋಟೊಫೆರೆಸಿಸ್ ಎಂಬ ಇನ್ನೊಂದು ವಿಧಾನದಲ್ಲಿ ರೋಗಿಯ ಬಿಳಿ ರಕ್ತಕಣಗಳನ್ನು ಹೊರತೆಗೆದು, ಔಷಧ ಬೆರೆಸಿ, ಅತಿನೇರಳೆ ಬೆಳಕಿಗೆ ಒಡ್ಡಿ ವಾಪಸು ಹಾಕುತ್ತಾರೆ. ಇಳಿಕೆಯ ವೇಗ ಕೆಲವರಲ್ಲಿ ತಗ್ಗುತ್ತದೆ. ಆಯ್ದ ಕೆಲವರಿಗೆ ಎರಡನೇ ಕಸಿ ಆಗಬಹುದು.

ನಮ್ಮ ದೇಹದಲ್ಲೇ ದಾಳಿಕೋರ ಕೋಶಗಳನ್ನು ಸುಮ್ಮನಿರಿಸುವ ‘ನಿಯಂತ್ರಕ ಟಿ ಕೋಶಗಳು’ ಇವೆ. ಇವುಗಳನ್ನು ಕಂಡುಹಿಡಿದದ್ದಕ್ಕಾಗಿ ಶಿಮೊನ್ ಸಕಾಗುಚಿ, ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಈ ಕೋಶಗಳನ್ನು ಬೆಳೆಸಿ ಕಸಿ ರೋಗಿಗಳಿಗೆ ಕೊಟ್ಟು, ಇಡೀ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸದೆ ಹೊಸ ಅಂಗವೊಂದನ್ನೇ ಒಪ್ಪಿಸಬಹುದೇ ಎಂದು ಪ್ರಯೋಗಗಳು ನಡೆಯುತ್ತಿವೆ. ಇದು ಇನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ‘ತಿರಸ್ಕಾರಕ್ಕೆ ಮದ್ದು ಸಿಕ್ಕಿತು’ ಎನ್ನುವ ಸಂದೇಶ ಬಂದರೆ ನಂಬಬೇಡಿ.

ಫಾರ್ವರ್ಡ್ ಒತ್ತುವ ಮುನ್ನ

ರೋಗನಿರೋಧಕ ಶಕ್ತಿ ಎಲ್ಲರಿಗೂ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವುದೇ ತಪ್ಪು ಲೆಕ್ಕ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಗ್ರೂಪಿನಲ್ಲಿ ಕಸಿಯಾದವರು ಇದ್ದರೆ ಇಷ್ಟು ಮಾಡಿ:

- ಕಷಾಯ, ಪುಡಿ, ಇಮ್ಯೂನಿಟಿ ಮಾತ್ರೆಗಳ ಸಂದೇಶವನ್ನು ಅವರಿಗೆ ಕಳಿಸಬೇಡಿ, ಒತ್ತಾಯವಂತೂ ಬೇಡವೇ ಬೇಡ.
- ನಿಮಗೆ ನೆಗಡಿ, ಜ್ವರ ಇದ್ದರೆ ನೋಡಲು ಹೋಗಬೇಡಿ, ಫೋನ್ ಮಾಡಿ ಮಾತಾಡಿಸಿ.
- ಮಾತ್ರೆಯ ಹೊತ್ತಿಗೆ ಮದುವೆ, ಜಾತ್ರೆ, ಬಸ್ಸು ಎಂದು ತಡವಾಗದಂತೆ ನೆನಪಿಸಿ.
- ‘ಸ್ವಲ್ಪ ಏದುಸಿರು ಬರ್ತಿದೆ’ ಎಂದರೆ ಸಮಾಧಾನ ಹೇಳಿ ಸುಮ್ಮನಾಗಬೇಡಿ. ಸ್ಪೈರೋಮೀಟರ್ ಊದಿಸಿ, ಅದೇ ದಿನ ಕಸಿ ತಂಡಕ್ಕೆ ಫೋನ್ ಮಾಡಿಸಿ.

ಕಳೆದುಹೋದ ಉಸಿರನ್ನು ವೈದ್ಯರು ವಾಪಸು ತರಲಾರರು. ಉಳಿದಿರುವುದನ್ನು ಕಾಪಾಡಲು ಮಾತ್ರ ಅವರಿಗೆ ಸಾಧ್ಯ, ಅದೂ ಬೇಗ ಗೊತ್ತಾದರೆ.